ಎರಡನೇ ಬೇಸಿಗೆ ದಾಟುವ ತಾರಸಿ ತೋಟ

ಬೆಂಗಳೂರಿಗೆ ತೋಟಗಾರರ ಸಂಘಗಳು ಹೊಸತಲ್ಲ. ಲಾಲ್‌ಬಾಗ್‌ನ ಮೈಸೂರು ಉದ್ಯಾನ ಕಲಾ ಸಂಘ 1912ರಷ್ಟು ಹಳೆಯದು. ಜನವರಿ ಮತ್ತು ಆಗಸ್ಟ್‌ನ ಫಲಪುಷ್ಪ ಪ್ರದರ್ಶನಗಳಿಂದ ಅದರ ಹೆಸರು ಮನೆಮಾತಾಗಿದೆ. ಆ ಪರಂಪರೆಯಲ್ಲಿ ಕುಂಡ ಇರುತ್ತಿದ್ದುದು ಹೂವಿಗೆ, ಸ್ಪರ್ಧೆಗೆ. ಸಾರಿಗೆ ಬೇಕಾದ ಸೊಪ್ಪನ್ನು ಮನೆಯ ಮೇಲೆಯೇ ಬೆಳೆದುಕೊಳ್ಳಬೇಕೆಂಬ ಚಳವಳಿ ಬೇರೆ ಬೇರಿನದು. ಕೃಷಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಬಿ.ಎನ್. ವಿಶ್ವನಾಥ್ ವರ್ಷಾನುಗಟ್ಟಲೆ ನಗರದ ಜನರಿಗೆ ಸಾವಯವ ತಾರಸಿ ತೋಟ ಕಲಿಸಿದರು. ಅವರೊಂದಿಗೆ ಕೂಡಿದ ಗಾರ್ಡನ್ ಸಿಟಿ ಫಾರ್ಮರ್ಸ್ ಬಳಗ 2011ರಲ್ಲಿ ‘ಊಟ ಫ್ರಂ ಯುವರ್ ತೋಟ’ ಎಂಬ ಮೇಳ ಶುರುಮಾಡಿ ಅದನ್ನು ಬಡಾವಣೆಯಿಂದ ಬಡಾವಣೆಗೆ ಒಯ್ದಿತು. ಇಂಥ ಮೇಳಗಳ ಮಾದರಿಯಲ್ಲಿ ಈಗ ಅನೇಕ ಬಡಾವಣೆಗಳಲ್ಲಿ ಚಿಕ್ಕ ಚಿಕ್ಕ ಬಳಗಗಳಿವೆ.

ಈ ಬಳಗಗಳು ಮಾಡಿರುವ ಕೆಲಸ ದೊಡ್ಡದು. ಮಣ್ಣು ಮುಟ್ಟಿಯೇ ಗೊತ್ತಿಲ್ಲದವರ ಕೈಯಲ್ಲಿ ಮೆಂತ್ಯ, ದಂಟು, ಹರಿವೆ ಬೆಳೆಸಿದವು. 2012ರಲ್ಲಿ ಮಾವಳ್ಳಿಪುರದ ಕಸದ ಗುಂಡಿ ಮುಚ್ಚಿ ಬೀದಿಬೀದಿಯಲ್ಲಿ ರಾಶಿ ಬಿದ್ದಾಗ, ಅಡುಗೆಮನೆಯ ಸಿಪ್ಪೆಯನ್ನು ಮನೆಯಲ್ಲೇ ಗೊಬ್ಬರ ಮಾಡಬಹುದೆಂದು ನೆರೆಹೊರೆಗೆ ತೋರಿಸಿಕೊಟ್ಟವರಲ್ಲಿ ತಾರಸಿ ತೋಟದವರೂ ಇದ್ದರು. ಮೇಳದ ಒಂದು ಮೂಲೆಯಲ್ಲಿ ಬಸಳೆ ಕಡ್ಡಿ, ದೊಡ್ಡಪತ್ರೆ, ಒಂದೆಲಗದ ಬೇರು ಕೈಯಿಂದ ಕೈಗೆ ದಾಟುವುದನ್ನು ಕಂಡಾಗಲೆಲ್ಲ ಈ ನಗರದ ಮೇಲೆ ನನಗೆ ಭರವಸೆ ಹುಟ್ಟುತ್ತದೆ.

ಆದರೆ ಆ ಮೂಲೆ ಕಿರಿದಾಗುತ್ತಿದೆ, ಮಳಿಗೆಗಳ ಸಾಲು ಉದ್ದವಾಗುತ್ತಿದೆ. ಹೊಸಬರು ಗ್ರೋ ಬ್ಯಾಗ್, ಕೊಕೊಪೀಟ್ ಇಟ್ಟಿಗೆ, ಬೀಜದ ಪೊಟ್ಟಣ, ಬೇವಿನೆಣ್ಣೆ ಕೊಂಡು ಮನೆಗೆ ಹೋಗುತ್ತಾರೆ. ಆರು ತಿಂಗಳಲ್ಲಿ ಟೊಮೆಟೊ ಗಿಡ ಸೊರಗಿ, ಚೀಲಗಳು ನೀರಿನ ಟ್ಯಾಂಕಿನ ಹಿಂದೆ ಸೇರುತ್ತವೆ. ಇದರಲ್ಲಿ ಅವರ ಸೋಮಾರಿತನಕ್ಕಿಂತ ಕಲಿಸಿದ ಕ್ರಮದ ದೋಷವೇ ಹೆಚ್ಚೆಂದು ನನ್ನ ಎಣಿಕೆ.

ಮೊದಲು ಕುಂಡದ ಅಳತೆ. ಸೊಪ್ಪಿಗೆ ಅರ್ಧ ಅಡಿ ಆಳ ಸಾಕು. ಟೊಮೆಟೊ, ಬದನೆಗೆ ಒಂದಡಿ ಆಳದ, ಇಪ್ಪತ್ತು ಲೀಟರ್ ಹಿಡಿಯುವ ಕುಂಡ ಬೇಕು. ಚಿಕ್ಕ ಚೀಲದಲ್ಲಿ ನೆಟ್ಟ ಟೊಮೆಟೊ ಮಾರ್ಚ್ ಬಿಸಿಲಿಗೆ ಮಧ್ಯಾಹ್ನದೊಳಗೇ ಬಾಡುತ್ತದೆ, ಬೇರು ಸುತ್ತಿಕೊಂಡು ಕಾಯಿ ನಿಲ್ಲುವುದಿಲ್ಲ. ಹಾಗಂತ ತಾರಸಿಗೆಲ್ಲ ಮಣ್ಣು ಸುರಿಯಲಾಗದು. ಜನ ಓಡಾಡುವ ಮೇಲ್ಛಾವಣಿಗೆ ನಮ್ಮ ಕಟ್ಟಡ ಮಾನಕ ಸಾಮಾನ್ಯವಾಗಿ ಹಿಡಿಯುವ ಭಾರ ಚದರ ಮೀಟರಿಗೆ ಸುಮಾರು 150 ಕಿಲೊ. ಒಂದಡಿ ಆಳದ ಒದ್ದೆ ಮಣ್ಣು ಅಷ್ಟೇ ಜಾಗದಲ್ಲಿ 500 ಕಿಲೊ ದಾಟುತ್ತದೆ. ಆದ್ದರಿಂದಲೇ ಹಗುರ ಮಿಶ್ರಣ ಬೇಕು. ದೊಡ್ಡ ಕುಂಡಗಳು ಗೋಡೆ, ತೊಲೆಗಳ ನೇರಕ್ಕೆ, ಇಟ್ಟಿಗೆಯ ಮೇಲೆ ಕೂರಬೇಕು. ಎಲ್ಲ ಮೇಳದಲ್ಲೂ ಇದು ಮೊದಲ ಪಾಠವಾಗಬೇಕಿತ್ತು. ನಾನು ಕೇಳಿದ ಬಹಳಷ್ಟು ಉಪನ್ಯಾಸಗಳಲ್ಲಿ ಇದರ ಸುದ್ದಿಯೇ ಇರಲಿಲ್ಲ.

ಹಗುರವೆಂದು ಕೊಕೊಪೀಟಿಗೆ ಜೋತುಬಿದ್ದದ್ದು ಇನ್ನೊಂದು ತೊಂದರೆ. ಐದು ಕಿಲೊ ಇಟ್ಟಿಗೆ ನೆನೆದರೆ ಸುಮಾರು 70 ಲೀಟರ್ ಉಬ್ಬುತ್ತದೆ, ಕಣ್ಣಿಗೆ ಹಬ್ಬ. ತೆಂಗಿನ ನಾರಿನ ಪುಡಿ ನೀರು ಹಿಡಿಯುವುದರಲ್ಲಿ ಗಟ್ಟಿಗ, ಆಹಾರದ ಲೆಕ್ಕದಲ್ಲಿ ಬಡವ. ಸಾರಜನಕ ಅದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಚೆನ್ನಾಗಿ ತೊಳೆಯದ ಪುಡಿಯಲ್ಲಿ ಉಪ್ಪು ಉಳಿದು ಎಲೆಯಂಚು ಸುಡುತ್ತದೆ. ಕೆಮ್ಮಣ್ಣು, ಗೊಬ್ಬರದ ಜೊತೆ ಮೂರನೆಯ ಪಾಲಾಗಿ ಅದು ಒಳ್ಳೆಯದೇ. ಕುಂಡವಿಡೀ ಅದನ್ನೇ ತುಂಬಿದವರು ಪ್ರತಿವಾರ ಯಾವುದಾದರೊಂದು ಪೋಷಕ ದ್ರಾವಣ ಕೊಳ್ಳುತ್ತಲೇ ಇರಬೇಕು. ಇತ್ತ ನಮ್ಮ ರಸ್ತೆಗಳಲ್ಲಿ ಫೆಬ್ರವರಿ, ಮಾರ್ಚ್‌ನಲ್ಲಿ ಹೊಂಗೆಯ ಎಲೆ ರಾಶಿರಾಶಿಯಾಗಿ ಉದುರುತ್ತದೆ. ಅದನ್ನು ಡ್ರಮ್ಮಿನಲ್ಲಿ ತುಂಬಿ ಸಗಣಿ ನೀರು, ಹುಳಿ ಮಜ್ಜಿಗೆ ಚಿಮುಕಿಸಿ ಕೆಲವು ತಿಂಗಳು ಬಿಟ್ಟರೆ ಬಿಟ್ಟಿ ಎಲೆಗೊಬ್ಬರ. ಬಡಾವಣೆಯ ಬಳಗವೊಂದು ನಾಲ್ಕು ಡ್ರಮ್ ಇಟ್ಟು ಇದನ್ನು ನಡೆಸಿದರೆ ಅದು ಹತ್ತು ಉಪನ್ಯಾಸಗಳಿಗಿಂತ ಮೇಲು.

ಬೀಜದ ವಿಷಯದಲ್ಲೂ ಇಷ್ಟೇ ಕಾಳಜಿ ಬೇಕು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕಾ ಬೆಂಡೆಯ ಬೀಜವನ್ನು ಎತ್ತಿಟ್ಟು ಮತ್ತೆ ಬಿತ್ತಬಹುದು. ಅದೇ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೆಟೊ ರೋಗ ತಡೆಯುವ ಒಳ್ಳೆಯ ಗಿಡ, ಆದರೆ ಸಂಕರ ತಳಿ. ಅದರ ಬೀಜದಿಂದ ಅದೇ ಗಿಡ ಬರುವುದಿಲ್ಲ. ಯಾವ ಪೊಟ್ಟಣ ಯಾವ ಬಗೆಯದೆಂದು ಮಳಿಗೆಯಲ್ಲೇ ಚೀಟಿ ಅಂಟಿಸಿದರೆ ಬೀಜ ವಿನಿಮಯಕ್ಕೆ ಅರ್ಥ ಬರುತ್ತದೆ.

ಇನ್ನು ನೀರಿನ ಮಾತು. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಗಿಡಗಳಿಗೆ ಹಾಕುವಂತಿಲ್ಲ, ಹಾಕಿದರೆ 5,000 ರೂಪಾಯಿ ದಂಡ ಎಂದಿತು. ಅಕ್ಕಿ, ತರಕಾರಿ ತೊಳೆದ ನೀರು ಎತ್ತಿಡುವವರ, ಕುಂಡದ ಮೇಲೆ ಒಣ ಎಲೆ ಹೊದಿಸುವವರ ಗಿಡಗಳಿಗೆ ಅಂಥ ಬೇಸಿಗೆಯನ್ನು ದಾಟಲು ದಾರಿಯಿದೆ. ಪುಟ್ಟ ಚೀಲಗಳನ್ನೇ ನೆಚ್ಚಿದವರಿಗೆ ಆ ದಾರಿ ತೀರ ಕಿರಿದು.

ಬಳಗಗಳ ಯಶಸ್ಸನ್ನು ಮೇಳಕ್ಕೆ ಬಂದ ತಲೆಗಳಿಂದ ಎಣಿಸಿದ್ದು ಸಾಕು. ಎರಡನೇ ಬೇಸಿಗೆಯಲ್ಲೂ ಎಷ್ಟು ತಾರಸಿಗಳು ಹಸಿರಾಗಿವೆ ಎಂದು ಎಣಿಸಬೇಕು. ಅದಕ್ಕೆ ಹಳಬರು ಹೊಸಬರ ಮನೆಗೆ ಹೋಗಿ ನೋಡುವ ಕ್ರಮ ಬೇಕು. ಹಿಟ್ಟುತಿಗಣೆ ಮೊದಲು ಕಾಣಿಸಿದ ದಿನ ಪಕ್ಕದಲ್ಲಿ ತಿಳಿದವರೊಬ್ಬರು ಇದ್ದರೆ ಅರ್ಧ ತೋಟ ಉಳಿಯುತ್ತದೆ.

ಮುಂದಿನ ಮೇಳಕ್ಕೆ ಹೋಗುವವರಲ್ಲಿ ನನ್ನದೊಂದು ಕೋರಿಕೆ. ಹೋಗುವಾಗ ನಿಮ್ಮ ಮನೆಯ ಅವರೆ ಬೀಜವನ್ನೋ ಬಸಳೆ ಕಡ್ಡಿಯನ್ನೋ ಒಯ್ಯಿರಿ. ಅದನ್ನು ಪಡೆದವರ ಫೋನ್ ನಂಬರ್ ಬರೆದುಕೊಳ್ಳಿ, ಬರುವ ಏಪ್ರಿಲ್‌ನಲ್ಲಿ ಗಿಡ ಹೇಗಿದೆಯೆಂದು ಅವರನ್ನು ವಿಚಾರಿಸಿ.