ಮಂಜಿನ ನಡುವೆ ರಂಗದ ಬೆಳಕು
ಕಳಸ, ಮೂಡಿಗೆರೆ ಕಡೆಯ ಯಕ್ಷಗಾನ ಎಂದರೆ ನನಗೆ ಮೊದಲು ನೆನಪಾಗುವುದು ಬೆಳಕು. ದೊಂದಿ ಹೋಗಿ ಪೆಟ್ರೋಮ್ಯಾಕ್ಸ್ ಬಂತು, ಆಮೇಲೆ ಹ್ಯಾಲೊಜೆನ್. ಅದರ ಕಾವಿಗೆ ವೇಷಧಾರಿಯ ಮುಖದ ಬಣ್ಣವೇ ಬೆವರಿನಲ್ಲಿ ಇಳಿಯುತ್ತಿತ್ತು. 1000 ವಾಟ್‌ನ ಆ ದೀಪದ ಕೆಲಸವನ್ನು ಒಳ್ಳೆಯ ಎಲ್‌ಇಡಿ ಸುಮಾರು 200 ವಾಟ್‌ನಲ್ಲಿ ತಂಪಾಗಿ ಮಾಡುತ್ತದೆ. ಕರೆಂಟು ಹೋದ ರಾತ್ರಿ ಸಣ್ಣ ಜನರೇಟರೂ ಸಾಕು. ಆದರೆ ಅಗ್ಗದ ನೀಲಿಬಿಳುಪಿನ ಎಲ್‌ಇಡಿ ಬೇಡವೇ ಬೇಡ, ಇಂಗಳಿಕದ ಕೆಂಪು ಅದರಡಿ ಸತ್ತೇಹೋಗುತ್ತದೆ. 3000 ಕೆಲ್ವಿನ್‌ನ ಬೆಚ್ಚನೆಯ ಬಿಳಿ, 90 ದಾಟಿದ ಸಿಆರ್‌ಐ ಕೇಳಿ ಕೊಳ್ಳಬೇಕು. ದೀಪ ಬಣ್ಣವನ್ನು ಎಷ್ಟು ನಿಜವಾಗಿ ತೋರುತ್ತದೆ ಎಂಬುದರ ಅಳತೆ ಈ ಸಿಆರ್‌ಐ. ಮಲೆನಾಡಿನ ತೇವಕ್ಕೆ ಐಪಿ65 ಕವಚ, ಹಠಾತ್ತನೆ ಏರುವ ವೋಲ್ಟೇಜಿಗೆ ಸರ್ಜ್ ರಕ್ಷಕ. ಅಂಥ ದೀಪದೆದುರು ಕಿರೀಟದ ಬೇಗಡೆ ಹೊಳೆಯುವಾಗ ನನಗೆ ಹಳೆಯ ದೊಂದಿಯ ಹೊಂಬಣ್ಣವೇ ಮರಳಿ ಕಾಣುತ್ತದೆ.