ಸೌವಿನ್ ಮತ್ತು ಕಲ್ಪಳ್ಳಿ

ಅಕ್ಟೋಬರ್ ಕೊನೆಯ ಇರುಳು ಬೆಂಗಳೂರಿನ ಇಂದಿರಾನಗರದ ಪಾನಗೃಹಗಳಲ್ಲಿ ಅಸ್ಥಿಪಂಜರದ ವೇಷ ತೊಟ್ಟು ನಲಿಯುವ ತರುಣರ ಹ್ಯಾಲೋವೀನ್ ಒಂದು. ನವೆಂಬರ್ 2ರಂದು ಕಲ್ಪಳ್ಳಿಯ ಕ್ರೈಸ್ತ ಸ್ಮಶಾನದಲ್ಲಿ ನಡೆಯುವ, ದಂಡಿನ (ಕಂಟೋನ್ಮೆಂಟಿನ) ತಮಿಳರು ಕಲ್ಲರೈ ತಿರುನಾಳ್ ಎಂದು ಕರೆಯುವ ಮೃತರ ಸ್ಮರಣೆ ಇನ್ನೊಂದು. ಗೇಲ್ ಜನರ ಪುರಾತನ ಸೌವಿನ್ ಹಬ್ಬಕ್ಕೆ ಇವೆರಡರಲ್ಲಿ ಯಾವುದು ಹತ್ತಿರವೆಂದು ಕೇಳಿದರೆ, ವಂಶಾವಳಿಯ ಲೆಕ್ಕದಲ್ಲಿ ಮೊದಲನೆಯದೆನ್ನಬೇಕು. ಗುಣದ ಲೆಕ್ಕದಲ್ಲಿ ಎರಡನೆಯದೆಂದೇ ನನ್ನ ಮತ.

ಐರ್ಲೆಂಡ್, ಸ್ಕಾಟ್ಲೆಂಡುಗಳ ಗೋಪಾಲಕರಿಗೆ ಸೌವಿನ್ ಎಂಬುದು ಬೇಸಗೆಯ ಗುಡ್ಡಗಾವಲುಗಳಿಂದ ದನಗಳನ್ನು ಇಳಿಸಿ, ಮೇವು ಸಾಲದೆಂದು ಕಂಡವನ್ನು ಕಡಿದು, ಎತ್ತರದಲ್ಲಿ ಬೆಂಕಿ ಹೊತ್ತಿಸಿ ಶೀತಕಾಲವನ್ನು ಇದಿರುಗೊಳ್ಳುವ ಸಂಧಿಕಾಲವಾಗಿದ್ದಿತು. ಆ ರಾತ್ರಿ ದಿಬ್ಬಗಳ ಬಾಗಿಲು ತೆರೆದು ಅಮಾನುಷರು ಹೊರಬರುವರೆಂಬ ಭಯವೂ, ಗತಿಸಿದ ಬಂಧುಗಳು ಬಂದಾರೆಂದು ಒಲೆಯ ಬಳಿ ಆಸನವಿರಿಸಿ ಉಣಿಸನ್ನಿಡುವ ಆತಿಥ್ಯವೂ ಅಲ್ಲಿ ಒಂದನ್ನೊಂದು ಅಗಲದೆ ಇದ್ದವು. ಅಮೆರಿಕಕ್ಕೆ ವಲಸೆ ಹೋದ ಐರಿಷರು ಟರ್ನಿಪ್ ಗಡ್ಡೆಯ ದೀಪವನ್ನು ಬಿಟ್ಟು ಕುಂಬಳಕಾಯಿಯನ್ನು ಕೆತ್ತತೊಡಗಿದ ಮೇಲೆ ಭಯವು ವಿನೋದವಾಗಿ ಉಳಿಯಿತು, ಆತಿಥ್ಯವು ಮೆಲ್ಲನೆ ಕಳಚಿತು. ಆಯುಧಪೂಜೆಯಂದು ನಡುರಸ್ತೆಯಲ್ಲಿ ಬೂದುಗುಂಬಳ ಒಡೆಯುವ ನಮ್ಮ ಊರಿಗೆ, ಕೆತ್ತಿದ ಕುಂಬಳಕಾಯಿ ಹೊಸ ಹೆದರಿಕೆಯನ್ನೇನೂ ತಂದಿಲ್ಲ.

ಕ್ಲೂನಿ ಮಠದ ಓಡಿಲೋ ಹತ್ತನೆಯ ಶತಮಾನದ ಕೊನೆಯ ಸುಮಾರಿಗೆ ನಿಯಮಿಸಿದ, ನವೆಂಬರ್ 2ರ ಈ ಮೃತಸ್ಮರಣೆಯು ಸೌವಿನ್‌ಗೆ ಋಣಿಯೋ ಅಲ್ಲವೋ ಎಂಬುದರಲ್ಲಿ ಪಂಡಿತರಿಗೆ ಒಮ್ಮತವಿಲ್ಲ. ಆದರೂ ಕಲ್ಪಳ್ಳಿಯಲ್ಲಿ ಕಲ್ಲಿನ ಪಾಚಿಯನ್ನು ಉಜ್ಜಿ ತೊಳೆದು, ಸೇವಂತಿಗೆ, ಚೆಂಡುಹೂಗಳನ್ನು ಹರಡಿ, ತುಂತುರು ಗಾಳಿಗೆ ನಂದಿದ ಮೇಣದಬತ್ತಿಯನ್ನು ಮತ್ತೆ ಮತ್ತೆ ಹಚ್ಚುವ ಕುಟುಂಬಗಳನ್ನು ನೋಡಿದವರಿಗೆ, ಆ ಲುಪ್ತವಾದ ಆತಿಥ್ಯ ಎಲ್ಲಿ ನೆಲೆನಿಂತಿದೆಯೆಂಬುದು ತಿಳಿಯದಿರದು. ಶಬ್-ಎ-ಬರಾತ್ ರಾತ್ರಿ ಖುದ್ದೂಸ್ ಸಾಹೇಬ್ ಖಬರಸ್ತಾನಕ್ಕೆ ನಡೆಯುವವರಲ್ಲಿಯೂ, ಮಹಾಲಯ ಅಮಾವಾಸ್ಯೆಯಂದು ಎಡೆಯಿಟ್ಟು ಕಾಗೆಯ ದಾರಿ ಕಾಯುವ ಮನೆಗಳಲ್ಲಿಯೂ ಅದು ಉಂಟು.

ಆದರೆ ಕಲ್ಪಳ್ಳಿಯ ಆಚರಣೆಯಲ್ಲಿ ಒಂದು ಕೊರತೆಯನ್ನು ಹೇಳಲೇಬೇಕು. ಪಾದ್ರಿಗಳ ಪ್ರಾರ್ಥನೆ ಸಮಸ್ತ ಆತ್ಮಗಳಿಗೂ ಸಲ್ಲುವುದಾದರೂ, ಜನ ಮಾತ್ರ ತಂತಮ್ಮ ಕಲ್ಲಿನ ಸುತ್ತಲೇ ನಿಲ್ಲುತ್ತಾರೆ. ಸೌವಿನ್ನಿನ ಬೆಂಕಿಯಾದರೋ ಊರಿನದು, ಮುಂದಿನ ಚಳಿಗಾಲವನ್ನು ಯಾರು ದಾಟುವರೆಂದು ಊರೇ ಒಟ್ಟಾಗಿ ಕೇಳಿಕೊಂಡ ಪ್ರಶ್ನೆ. ಆ ಪ್ರಶ್ನೆಯನ್ನು ಪುಲಿಕೇಶಿನಗರವೂ ಅರಿಯದುದಲ್ಲ: 1898ರ ಪ್ಲೇಗು ದಂಡಿನ ಇಕ್ಕಟ್ಟಾದ ಕೇರಿಗಳನ್ನು ಬರಿದುಮಾಡಿದ ಮೇಲೆಯೇ, ಗಾಳಿ ಬೆಳಕಿನ ಅಗಲವಾದ ಬೀದಿಗಳುಳ್ಳ ಈ ಬಡಾವಣೆಯು ಫ್ರೇಜರ್ ಟೌನ್ ಎಂಬ ಹೆಸರಿನಿಂದ ಎದ್ದಿತು. ಆ ಮಾರಿಗೆ ತುತ್ತಾದವರಿಗಾಗಿ ಬಡಾವಣೆಯವರು ಕೂಡಿ ದೀಪ ಹಚ್ಚುವ ದಿನವೊಂದನ್ನು ನಾನು ಕಂಡಿಲ್ಲ.