‘ಬೋರು ಫೇಲಾಯ್ತು’ ಎಂಬ ಮಾತು

ಚಳ್ಳಕೆರೆ, ಮೊಳಕಾಲ್ಮುರು ಕಡೆ ‘ಬೋರ್ ಹೊಡೀತಿದೆ’ ಅಂದರೆ ಬೇಸರ, ‘ಬೋರು ಹೊಡೆಸಿದೆ’ ಅಂದರೆ ಸಾಲ. ಎರಡರ ನಡುವೆ ಇರುವುದು ಒಂದು ‘ಇಸು’ ಪ್ರತ್ಯಯ, ಒಂದು ಉಕಾರ. ಕಾಲೇಜು ಹುಡುಗರ ಬೇಸರ ಹೆಚ್ಚಾಗಿ ಇಂಗ್ಲಿಷಿನಲ್ಲಿದ್ದ ಹಾಗೆಯೇ ಮೊಟಕಾಗಿ ‘ಬೋರ್’ ಎಂದು ನಿಲ್ಲುತ್ತದೆ. ಹೊಲದಲ್ಲಿರುವುದಕ್ಕೆ ಮಾತ್ರ ನಮ್ಮವರು ಉಕಾರ ಕೊಟ್ಟು, ವಿಭಕ್ತಿ ಹಚ್ಚಿ, ಬೋರು, ಬೋರಿನ, ಬೋರಿಗೆ ಎಂದು ಮನೆಯೊಳಗೆ ಸೇರಿಸಿಕೊಂಡಿದ್ದಾರೆ. ಬೋರಯ್ಯ, ಬೋರಮ್ಮ ಎಂಬ ಹೆಸರುಗಳು ಮೊದಲಿನಿಂದಲೂ ಇರುವ ಸೀಮೆ ಇದು. ‘ಬೋರಯ್ಯನ ಬೋರು’ ಅಂದರೆ ಇಲ್ಲಿ ಯಾರೂ ತಡವರಿಸುವುದಿಲ್ಲ.

ಇಂಗ್ಲಿಷಿನಲ್ಲೂ ಈ ಪದ ಒಂದೇ ಬೇರಿನದಲ್ಲ. ತೂತು ಕೊರೆಯುವ ಅರ್ಥ ಬಹಳ ಹಳೆಯದು, ಲ್ಯಾಟಿನ್ನಿನ ‘ಫೊರಾರೆ’ಗೂ ಅದಕ್ಕೂ ದೂರದ ನಂಟು. ಬೇಸರದ ಅರ್ಥ ಕಾಣಿಸಿಕೊಂಡದ್ದು 18ನೇ ಶತಮಾನದಲ್ಲಿ. ಹೂಗ್ಲಿಯಂಥ ನದಿಗಳ ಬಾಯಿಂದ ಸಮುದ್ರದ ಉಬ್ಬರ ಗೋಡೆಯಂತೆ ಮೇಲೇರಿ ನುಗ್ಗುವುದಕ್ಕೂ ಇದೇ ಹೆಸರು. ಕೋವಿಯಲ್ಲಿ ‘12 ಬೋರ್’ ಎಂಬುದು ಒಂದು ಅಳತೆ: ಒಂದು ಪೌಂಡ್ ಸೀಸವನ್ನು 12 ಸಮನಾದ ಗುಂಡು ಮಾಡಿದರೆ ಒಂದೊಂದು ಎಷ್ಟು ದಪ್ಪವೋ ನಳಿಗೆಯ ಬಾಯಿ ಅಷ್ಟಗಲ. ಗ್ಯಾರೇಜಿನಲ್ಲಿ ‘ಇಂಜಿನ್ ಬೋರಿಗೆ ಬಂದಿದೆ’ ಅಂದರೆ ಸಿಲಿಂಡರಿನ ಒಳಮೈ ಸವೆದಿದೆ ಎಂದು. ಇವೆಲ್ಲ ನಮ್ಮಲ್ಲಿಗೂ ಬಂದಿವೆ, ಬಂದು ತಮ್ಮ ತಮ್ಮ ಮೂಲೆಯಲ್ಲಿ ಉಳಿದಿವೆ. ಊರನ್ನೇ ಆಳಲು ಕೂತದ್ದು ನೆಲದ ಬೋರು ಮಾತ್ರ.

ಸರ್ಕಾರಿ ಕಾಗದದಲ್ಲಿ ಅದರ ಹೆಸರು ಕೊಳವೆಬಾವಿ. ಚೆಂದದ ಪದ, ಆದರೆ ಹೊಲದಲ್ಲಿ ನಿಂತು ಯಾರೂ ಆಡುವುದಿಲ್ಲ. ಇದನ್ನು ಕನ್ನಡದ ಸೋಲು ಎಂದು ಕೊರಗುವವರ ಜೊತೆ ನಾನು ಸೇರಲಾರೆ. ಬಾವಿಗೆ ಕಟ್ಟೆ ಇದೆ, ಮೆಟ್ಟಿಲಿದೆ, ಬಗ್ಗಿ ನೋಡಿದರೆ ನೀರು ಕಾಣುತ್ತದೆ, ಈ ವರ್ಷ ಎಷ್ಟು ಇಳಿದಿದೆ ಎಂದು ಮಕ್ಕಳಿಗೂ ಗೊತ್ತಾಗುತ್ತದೆ. ಆರೂವರೆ ಇಂಚಿನ ತೂತಿಗೆ ಇದ್ಯಾವುದೂ ಇಲ್ಲ. ಅದನ್ನು ಬಾವಿ ಎಂದು ಕರೆಯಲು ನಮ್ಮವರಿಗೆ ಬಾಯಿ ಬರಲಿಲ್ಲ. ಕೊರೆದದ್ದನ್ನು ಕೊರೆದದ್ದು ಎಂದೇ ಕರೆದರು. ಎರವಲು ತಂದರೂ ನಿಜಕ್ಕೆ ಹತ್ತಿರದ ಪದವನ್ನೇ ತಂದರು.

ಊರ ಮುಂದಿನ ಕೈಪಂಪಿಗೆ ಇನ್ನೊಂದು ಹೆಸರು: ಬೋರಿಂಗು. 1983ರ ನಂತರ ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಹಳ್ಳಿಹಳ್ಳಿಗೆ ಬೋರಿಂಗು ಹಾಕಿಸಿ ‘ನೀರ್ ಸಾಬ್’ ಎನಿಸಿಕೊಂಡರು. ಬಿಂದಿಗೆ ಹೊತ್ತು ಮೈಲಿಗಟ್ಟಲೆ ನಡೆಯುತ್ತಿದ್ದ ಹೆಂಗಸರು ಕೊಟ್ಟ ಬಿರುದು ಅದು, ಯಾವ ಪ್ರಶಸ್ತಿಗೂ ಕಡಿಮೆಯಲ್ಲ. ಬೋರಿಂಗು ಊರಿನದು, ಬೋರು ಒಬ್ಬೊಬ್ಬರದು. ಒಂದೇ ಪದದ ಎರಡು ರೂಪಗಳಲ್ಲಿ ಈ ವ್ಯತ್ಯಾಸವನ್ನು ಹಿಡಿದಿಟ್ಟ ನಮ್ಮ ಜನರ ಕಿವಿಗೆ ನಾನು ಶರಣು.

ಇನ್ನು ಕ್ರಿಯಾಪದಗಳು. ಬೋರು ಹಾಕಿಸು, ಕೊರೆಸು, ಹೊಡೆಸು. ಮೂರೂ ಪ್ರೇರಣಾರ್ಥಕ. ರೈತ ತಾನೇ ಬೋರು ಕೊರೆಯುವುದಿಲ್ಲ, ತಮಿಳುನಾಡಿನ ತಿರುಚೆಂಗೋಡಿನ ಲಾರಿ ಬಂದು ಕೊರೆಯುತ್ತದೆ, ಅಡಿಗಿಷ್ಟು ಎಂದು ಲೆಕ್ಕ. ಅದಕ್ಕೆ ಮುಂಚೆ ತೆಂಗಿನಕಾಯಿ ಅಂಗೈಯಲ್ಲಿ ಹಿಡಿದವರೊಬ್ಬರು ಬಂದು ‘ಪಾಯಿಂಟ್’ ಮಾಡಿಕೊಡುತ್ತಾರೆ. ಪಾಯಿಂಟ್ ಮಾಡಿಸು, ಕೇಸಿಂಗ್ ಇಳಿಸು, ಮೋಟ್ರು ಬಿಡಿಸು. ಕೆಲಸವೆಲ್ಲ ಬೇರೆಯವರ ಕೈಯಲ್ಲಿ, ರೈತನ ಪಾಲಿಗೆ ದುಡ್ಡು ಹೊಂದಿಸುವುದು ಮತ್ತು ರಾತ್ರಿಯೆಲ್ಲ ಲಾರಿ ಪಕ್ಕ ನಿಂತು ಬಿಳಿ ಪುಡಿ ಹಾರುವುದನ್ನು ನೋಡುವುದು. ನಮ್ಮ ಅಪ್ಪ ಹಾಗೆ ನಿಂತದ್ದನ್ನು ಮೂರು ಸಲ ನೋಡಿದ್ದೇನೆ. ಎರಡು ಸಲ ಬೆಳಗಿನವರೆಗೂ ಪುಡಿಯೇ ಬಂತು. ಮೂರನೆಯ ಸಲ ಒಂದೂವರೆ ಇಂಚು ನೀರು ಬಿದ್ದಾಗ ಅವನು ನಗಲಿಲ್ಲ, ಕೆಸರಲ್ಲೇ ಕೂತುಬಿಟ್ಟ.

‘ಹೊಡೆಸಿದೆ’ ಎನ್ನುವಾಗ ವಾಕ್ಯದ ಕರ್ತೃ ರೈತ. ನೀರು ಸಿಗದಿದ್ದರೆ ಅಥವಾ ನಿಂತರೆ ಕರ್ತೃ ಬದಲಾಗುತ್ತದೆ: ‘ಬೋರು ಫೇಲಾಯ್ತು’, ‘ಬೋರು ಕೈಕೊಟ್ಟಿತು’. ಈ ಬಳಕೆಯ ಬಗ್ಗೆ ನನ್ನ ತಕರಾರಿದೆ. ಫೇಲಾಗುವುದು ಪರೀಕ್ಷೆಯ ಮಾತು, ಒಬ್ಬೊಬ್ಬರಾಗಿ ಬರೆದು ಒಬ್ಬೊಬ್ಬರಾಗಿ ಸೋಲುವುದು. ನಮ್ಮ ಕೆಳಗಿರುವುದು ಗಟ್ಟಿ ಬಂಡೆ, ಗ್ರಾನೈಟು, ನೈಸು. ಅಲ್ಲಿ ನೀರು ನಿಲ್ಲುವುದು ಮೇಲಿನ ಸವೆದ ಪದರದಲ್ಲಿ, ಅದರ ಕೆಳಗೆ ಬಿರುಕುಗಳಲ್ಲಿ. ಬಿರುಕಿಗೆ ಹೊಲದ ಬದು ಗೊತ್ತಿಲ್ಲ. ನನ್ನ ಬೋರಿನ ನೀರು ಪಕ್ಕದವರ ಬೋರಿನ ನೀರೂ ಹೌದು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆ ಒಂದು. ಇಂಗಿದ್ದಕ್ಕಿಂತ ಹೆಚ್ಚು ಎತ್ತುತ್ತ ಹೋದರೆ ಬತ್ತುವುದು ಇಡೀ ಸೀಮೆ. ಆದರೂ ‘ನಿಂದು ಫೇಲಾಯ್ತಂತೆ’ ಎಂಬ ಒಂದು ಮಾತು ಎಲ್ಲರ ಸೋಲನ್ನು ತಂದು ಒಬ್ಬನ ಹಣೆಗೆ ಅಂಟಿಸುತ್ತದೆ. ಆ ಮಾತಿನ ಭಾರಕ್ಕೆ ಕುಗ್ಗಿದ ಮನೆಗಳು ನಮ್ಮೂರಲ್ಲಿವೆ. ಭಾಷೆಯ ಪ್ರಶ್ನೆಯಾಗಿ ನಾನಿದನ್ನು ಎತ್ತುತ್ತಿರುವುದು ಅದಕ್ಕೇ.

ಪಾಸಾದ ಬೋರಿನ ಕಥೆಯೂ ಪೂರ್ತಿ ಗೆಲುವಲ್ಲ. ಬಂಡೆಯ ಸಂಗಡ ಹೆಚ್ಚು ಕಾಲ ಇದ್ದ ನೀರು ಅದರೊಳಗಿನ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಲು ತಕ್ಕದ್ದಲ್ಲ. ಚಳ್ಳಕೆರೆ, ಮೊಳಕಾಲ್ಮುರು ಎರಡೂ ತಾಲ್ಲೂಕುಗಳಲ್ಲಿ ಹಲ್ಲು ಕಂದು ಕಟ್ಟಿದ ಮಕ್ಕಳನ್ನು, ಮೊಣಕಾಲು ಮಡಚಲಾರದ ಹಿರಿಯರನ್ನು ನೋಡದವರಿಲ್ಲ.

ಬೋರು ಎಂಬ ಪದ ಬೆಳೆದ ರಭಸಕ್ಕೆ ಸುತ್ತಲಿನ ಎಷ್ಟೋ ಪದಗಳು ಒಣಗಿದವು. ಕಪಿಲೆ ಹೊಡೆಯುವುದು ಎಂದರೆ ಇಪ್ಪತ್ತರ ಹುಡುಗನಿಗೆ ಗೊತ್ತಿಲ್ಲ. ಎತ್ತುಗಳು ಹಿಂದೆ ಮುಂದೆ ನಡೆದು ತೊಗಲ ಬಾನೆಯಲ್ಲಿ ನೀರೆತ್ತುತ್ತಿದ್ದ ಬಾವಿಗಳು ಮುಳ್ಳುಕಂಟಿ ತುಂಬಿಕೊಂಡಿವೆ. ವೇದಾವತಿಯ ಮರಳಲ್ಲಿ ಕೈಯಿಂದ ತೋಡಿದರೆ ಒಸರುತ್ತಿದ್ದ ಚಿಲುಮೆ, ಒರತೆ, ಪಾವಗಡ–ಮಧುಗಿರಿ ಕಡೆಯ ತಲಪರಿಗೆ, ಇವೆಲ್ಲ ನೀರು ಯಾವ ಆಳದಲ್ಲಿ, ಹೇಗೆ ಸಿಗುತ್ತದೆ ಎಂಬ ತಿಳಿವನ್ನು ಹೊತ್ತ ಪದಗಳು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯನ್ನು ಜನ ಇವತ್ತಿಗೂ ನೆನೆಯುವುದು ಕೆರೆಗಳನ್ನು ಕಟ್ಟಿಸಿದವನೆಂದು. ಅಲ್ಲೂ ಅದೇ ‘ಇಸು’ ಇದೆ. ಆದರೆ ಕಟ್ಟಿಸಿದ್ದು ಎಲ್ಲರ ನೀರು.

ಚಿತ್ರದುರ್ಗದ ಭೂಜಲ ತಜ್ಞ ಎನ್.ಜೆ. ದೇವರಾಜ ರೆಡ್ಡಿ ಅವರಂಥವರು ವರ್ಷಗಳಿಂದ ಹೇಳುತ್ತ ಬಂದಿರುವುದು ‘ಇಂಗಿಸು’ ಎಂಬ ಇನ್ನೊಂದು ಕ್ರಿಯಾಪದವನ್ನು. ಬೋರಿನ ಸುತ್ತ ಗುಂಡಿ ತೆಗೆದು, ಕಲ್ಲು, ಜಲ್ಲಿ, ಮರಳು ತುಂಬಿ, ಹೊಲದ ಮಳೆನೀರನ್ನು ಸೋಸಿ ಒಳಕ್ಕೆ ಬಿಡುವ ಕೆಲಸ. ಜನ ಅದಕ್ಕೆ ಫೋನಿನ ಮಾತನ್ನೇ ಬಳಸಿ ‘ಬೋರು ರೀಚಾರ್ಜ್’ ಅನ್ನುತ್ತಾರೆ. ನನಗೆ ಆ ಬಳಕೆ ಹಿಡಿಸಿದೆ, ಹಾಕಿದಷ್ಟೇ ಬರುತ್ತದೆ ಎಂಬ ಲೆಕ್ಕ ಅದರೊಳಗೇ ಇದೆ.

2022ರಲ್ಲಿ ಮಾರಿಕಣಿವೆಯ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿತ್ತು. ವೇದಾವತಿ ಪರಶುರಾಂಪುರದ ಕಡೆಗೆ ತುಂಬಿ ಹರಿದಳು. ದಂಡೆಯ ಊರುಗಳಲ್ಲಿ ಫೇಲಾದವು ಎಂದು ಕಲ್ಲು ಮುಚ್ಚಿ ಬಿಟ್ಟಿದ್ದ ಬೋರುಗಳ ಬಾಯಲ್ಲಿ ನೀರು ಕಂಡಿತು. ಬಂಧುವೊಬ್ಬರು ತಮ್ಮ ಬೋರಿನ ಕಲ್ಲು ಸರಿಸಿ, ಸಣ್ಣ ಹರಳೊಂದನ್ನು ಒಳಗೆ ಬಿಟ್ಟು ಕಿವಿಗೊಟ್ಟರು. ಹರಳು ನೀರಿಗೆ ಬಿದ್ದ ಸದ್ದು ಬೇಗನೇ ಬಂತು. ‘ಇದು ಫೇಲಾಗಿದ್ದಲ್ಲ ಕಣಪ್ಪ, ಹಸಿದಿತ್ತು’ ಅಂದರು.